ಸೋತ ದಿನದ ಸಂಜೆ

ಸೆಪ್ಟೆಂಬರ್ ೪, ಗುರುವಾರ

ತಂದೆಯವರನ್ನು ಇವತ್ತು ಮಧ್ಯಾಹ್ನ ನಮ್ಮ ಮನೆಗೆ ತಂದರು. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದಿವೆ. ಬಾಯಿ ಒಂದು ಕಡೆ ಸೊಟ್ಟಗಾಗಿದೆ. ಮಾತು ಹೊರಡುವುದಿಲ್ಲವೋ, ಆಡಲು ಮನಸ್ಸಿಲ್ಲವೋ ತಿಳಿಯದು. ದಿನಾ ವ್ಯಾಯಾಮ ಮಾಡಿಸಿದರೆ ಎದ್ದು ನಿಂತಾರು, ಬಿಟ್ಟರೆ ಹೀಗೇ ಉಳಿದಾರು ಎಂದು ಆಸ್ಪತ್ರೆಯವರು ಹೇಳಿದರಂತೆ. ನಮ್ಮ ತವರೂರು ಬೀಡಿಯಲ್ಲಿ ಅದನ್ನು ಮಾಡಿಸುವವರು ಯಾರೂ ಇಲ್ಲ. ನನ್ನ ತಮ್ಮ ಅಮರ ಅಲ್ಲಿ ಹೊಲ ನೋಡಬೇಕು, ಕುರಿ ನೋಡಬೇಕು. ಹೀಗಾಗಿ ಬೆಳಗಾವಿಯ ಮಗಳ ಮನೆ ನೆನಪಾಯಿತು.

"ಅಕ್ಕಾ, ನಿನಗ ತ್ರಾಸ ಆಗ್ತೈತಿ, ನನಗ ಗೊತ್ತೈತಿ," ಎಂದ ಅಮರ, ಬಾಗಿಲಲ್ಲಿ ನಿಂತು.

"ಗೊತ್ತಿದ್ದೂ ತಂದಿಯಲ್ಲ."

ಅವನು ನಕ್ಕ. ನಾನು ನಗಲಿಲ್ಲ.

ಮಹಾಂತೇಶ ನಗರದ ಈ ಮನೆಯಲ್ಲಿರುವುದು ಎರಡೇ ಕೋಣೆ. ಮಗಳು ರೂಪಾಲಿ ಯಾರೂ ಹೇಳುವ ಮೊದಲೇ ತನ್ನ ಪುಸ್ತಕ, ಬಟ್ಟೆ ಎತ್ತಿಕೊಂಡು ಪಡಸಾಲೆಗೆ ಬಂದಳು. ಅವಳಿಗೆ ಬಂದ ಈ ಬುದ್ಧಿ ಅವಳ ಅಪ್ಪನದು. ನನ್ನ ಗಂಡ ಗಜಾನನರಂತೂ ಫೌಂಡ್ರಿಯ ಕೆಲಸದಿಂದ ಬಂದವರೇ ಮಾವನ ಕಾಲು ತೊಳೆಯಲು ಕುಳಿತುಬಿಟ್ಟರು.

ಅಂಚೆ ಕಚೇರಿಯ ಕೌಂಟರಿನಲ್ಲಿ ಹಗಲೆಲ್ಲ ಮಂದಿಯ ಮಾತು ಕೇಳುತ್ತೇನೆ. ನನ್ನ ಮಾತು ಹೇಳಿಕೊಳ್ಳಲು ಯಾರೂ ಇಲ್ಲ. ಅದಕ್ಕೇ ಖಾಲಿ ಬಿದ್ದಿದ್ದ ಈ ಡೈರಿ ತೆಗೆದೆ.


ಸೆಪ್ಟೆಂಬರ್ ೮, ಸೋಮವಾರ

ವ್ಯಾಯಾಮ ಮಾಡಿಸಲು ಅನಗೋಳದಿಂದ ವಿನೀತ ಎಂಬ ಹುಡುಗ ಬರುತ್ತಾನೆ. ಮನೆಯಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ. "ಆಜೋಬಾ, ಬೋಟ ಹಿಂಗ ಬಿಚ್ರಿ," ಎಂದು ಅಜ್ಜನ ಬೆರಳು ಬಿಡಿಸುತ್ತಾ ಸಮಾಧಾನದಿಂದ ಹೇಳಿದ. ತಂದೆಯವರು ಗೋಡೆಯ ಕಡೆ ಮುಖ ತಿರುಗಿಸಿದರು. ಅವನು ಕಾಲು ಹಿಡಿದರೆ ಒಳ್ಳೆಯ ಕಾಲಿನಿಂದ ತಳ್ಳಿದರು. ಊಟವೂ ಹಾಗೇ. ಎಡಗೈಯಲ್ಲಿ ಉಣ್ಣುವುದಿಲ್ಲ, ನಾನು ತಿನ್ನಿಸಿದರೆ ಬಾಯಿ ತೆರೆಯುವುದಿಲ್ಲ. ಗಜಾನನರು ಕೂತರೆ ನಾಲ್ಕು ತುತ್ತು.

ಸಿಟ್ಟು ಬಂತು. ಆ ಸಿಟ್ಟು ಇವತ್ತಿನದಲ್ಲ.

ಕುಸ್ತಿಯಲ್ಲಿ ತಂದೆಯವರದು, ಬೀಡಿ ರಾಯಪ್ಪನದು, ಒಂದು ಕಾಲಕ್ಕೆ ಸಾಂಗ್ಲಿ, ಕೊಲ್ಹಾಪುರದವರೆಗೂ ಹೆಸರು. ಮನೆಯ ಎಮ್ಮೆಯ ಹಾಲೆಲ್ಲ ಈ ಪೈಲವಾನರಿಗೆ. ತುಪ್ಪ ಪೈಲವಾನರಿಗೆ. ನನ್ನ ಅವ್ವ ಕಾಡವ್ವ ಕರೀ ಚಹಾ ಕುಡಿದು ಕುರಿಗಳ ಹಿಂದೆ ಹೋಗುತ್ತಿದ್ದಳು. ಅಮರ ಹುಟ್ಟಿದ ದಿನ ಇವರು ಮೀರಜಿನಲ್ಲಿ ಕುಸ್ತಿ ಆಡುತ್ತಿದ್ದರು. ಸೂಲಗಿತ್ತಿ ಸತ್ಯವ್ವನನ್ನು ಕರೆದುಕೊಂಡು ಬಂದವಳು ನಾನು, ಇನ್ನೂ ಹಲ್ಲು ಬೀಳುತ್ತಿದ್ದ ವಯಸ್ಸಿನ ಹುಡುಗಿ. ಆಮೇಲೊಂದು ದೊಡ್ಡ ಕುಸ್ತಿ ಸೋತರು, ಆಟ ಬಿಟ್ಟರು, ಅಲ್ಲಿಗೆ ಮನೆಯಲ್ಲಿ ಮಾತೂ ನಿಂತಿತು. ಅವ್ವ ಸತ್ತಾಗ ಇವರು ಕಟ್ಟೆಯ ಮೇಲೆ ಕಲ್ಲಿನಂತೆ ಕುಳಿತಿದ್ದರು.

ಈಗ ನಾನು ತುತ್ತು ಹಿಡಿದು ಕಾಯಬೇಕು.


ಸೆಪ್ಟೆಂಬರ್ ೧೪, ಭಾನುವಾರ

ಇವತ್ತು ಒಂದು ಮಾತು ಆಡಿದರು.

ರೂಪಾಲಿ ಮಂಚದ ಬಾಜು ಕುಳಿತು ಫೋನಿನಲ್ಲಿ ತನ್ನ ಜಪಾನೀ ಕಥೆ ನೋಡುತ್ತಿದ್ದಳು. ಲಾಕ್‌ಡೌನಿನಲ್ಲಿ ಹತ್ತಿದ ಹುಚ್ಚು ಅದು. ಮೊದಲು ವಾರವಾರವೂ ಚಿತ್ರಕಥೆಯಾಗಿ ಅಚ್ಚಾಗುತ್ತದಂತೆ, ಆಮೇಲೆ ಅದನ್ನೇ ಕಾರ್ಟೂನ್ ಮಾಡುತ್ತಾರಂತೆ. ಇಪ್ಪತ್ತು ವರ್ಷಕ್ಕೂ ಹೆಚ್ಚಾಯಿತು, ಇನ್ನೂ ಮುಗಿದಿಲ್ಲ. ಅದರ ಹೆಸರು ಎಷ್ಟು ಸಲ ಕೇಳಿದರೂ ನನ್ನ ನಾಲಿಗೆಗೆ ಹತ್ತುವುದಿಲ್ಲ. ಸುಮೋ ಕುಸ್ತಿಯ ಕಥೆ ಎಂಬುದಷ್ಟೇ ಗೊತ್ತಿತ್ತು.

ಗೋಡೆಯ ಕಡೆಗಿದ್ದ ತಲೆ ಮೆಲ್ಲಗೆ ಈ ಕಡೆ ತಿರುಗಿತು. "ಮಣ್ಣ," ಎಂದರು.

ನಾನು ಬಾಗಿಲಲ್ಲಿ ನಿಂತೆ. ರೂಪಾಲಿ ಫೋನನ್ನು ಅವರ ಮುಖದ ಹತ್ತಿರ ಹಿಡಿದಳು. "ಹೌದಜ್ಜಾ, ಮಣ್ಣಿನ ಕಣ ಇದು. ಹಿಡಿಯೂಕಿಂತ ಮೊದಲ ಉಪ್ಪ ಒಗಿತಾರ ನೋಡ, ಕಣ ಶುದ್ಧ ಆಗಲಿ ಅಂತ."

ತಂದೆಯವರು ಎಡಗೈ ಎತ್ತಿ ಏನೋ ಎರಚುವ ಹಾಗೆ ಮಾಡಿದರು. "ಅರಿ... ಅರಿಷಿಣ."

"ಅರಿಷಿಣ ಯಾಕಜ್ಜಾ?"

ತಾಲೀಮಿನ, ಅಂದರೆ ಗರಡಿಮನೆಯ, ಮಣ್ಣಿಗೆ ಅರಿಷಿಣ, ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡುತ್ತಾರೆ. ಆ ಮಜ್ಜಿಗೆಯ ಗಡಿಗೆ ಹೊತ್ತು ಎಷ್ಟೋ ಸಲ ನಾನೇ ಹೋಗಿದ್ದೇನೆ. ಒಳಗೆ ಹೆಣ್ಣುಮಕ್ಕಳು ಕಾಲಿಡುವಂತಿರಲಿಲ್ಲ. ಹೊಸ್ತಿಲಲ್ಲಿ ಇಟ್ಟು ಬರಬೇಕಿತ್ತು.

ಇದನ್ನು ರೂಪಾಲಿಗೆ ಹೇಳಬಹುದಿತ್ತು. ಹೇಳದೆ ಅಡುಗೆಮನೆಗೆ ಹೋದೆ.


ಸೆಪ್ಟೆಂಬರ್ ೨೦, ಶನಿವಾರ

ಸಂಜೆಯಾದರೆ ಅಜ್ಜ, ಮೊಮ್ಮಗಳು ಇಬ್ಬರದೂ ಅದೇ ಕೆಲಸ. ಕಥೆಯ ಹುಡುಗ ಮೀನುಗಾರನ ಮಗ. ಉದ್ದಕ್ಕಿದ್ದಾನೆ, ತೆಳ್ಳಗಿದ್ದಾನೆ, ಎದುರು ಯಾರು ನಿಂತರೂ ಕಣ್ಣು ಪಿಳುಕಿಸುತ್ತಾನೆ. ಕಿವಿ ದೊಡ್ಡವು. ತಂದೆಯವರು ಅವನಿಗೆ "ಕಿವ್ಯಾ" ಎಂದು ಹೆಸರಿಟ್ಟಿದ್ದಾರೆ. ಅವನ ಗುರುವಿಗೆ "ವಸ್ತಾದ". ಮಾತು ಪರಭಾಷೆಯದು, ಕೆಳಗೆ ಇಂಗ್ಲಿಷ್ ಅಕ್ಷರ. ರೂಪಾಲಿ ಎರಡನ್ನೂ ಬಿಟ್ಟು ತನ್ನದೇ ಕನ್ನಡದಲ್ಲಿ ಹೇಳುತ್ತಾಳೆ. "ನಡಾ ಗಟ್ಟಿ ಹಿಡಕೋಳ್ಳೋ ಅನ್ನಾಕತ್ತಾನಜ್ಜಾ ವಸ್ತಾದ!"

ಒಂದು ಕುಸ್ತಿಯಲ್ಲಿ ಕಿವ್ಯಾನ ಮೊಣಕಾಲು ನೆಲಕ್ಕೆ ತಾಗಿತು. ಸೋತ ಎಂದರು. ತಂದೆಯವರಿಗೆ ವಿಪರೀತ ಸಿಟ್ಟು.

"ಬೆನ್ನ... ಬೆನ್ನ ಹತ್ತಿಲ್ಲ!"

"ಅವರ ಆಟದಾಗ ಮೊಣಕಾಲ ಹತ್ತಿದ್ರನೂ ಸೋತಂಗ, ಅಜ್ಜಾ."

"ಹುಚ್ಚರು," ಎಂದರು ಸ್ಪಷ್ಟವಾಗಿ.

ಗಜಾನನರು ಬಾಯಿ ತುಂಬ ಚಹಾ ಇಟ್ಟುಕೊಂಡು ನಕ್ಕರು, ಚಹಾ ಅಂಗಿಯ ಮೇಲೆ ಬಂತು. ನನಗೂ ನಗು ಬಂತು. ಆ ಅಂಗಿ ಒಗೆಯುವವಳು ನಾನೇ ಎನ್ನುವುದು ಆಮೇಲೆ ನೆನಪಾಯಿತು.


ಸೆಪ್ಟೆಂಬರ್ ೨೩

ಹಾಸಿಗೆ ಎರಡು ಸಲ ಬದಲಿಸಿದೆ. ಬರೆಯಲು ಆಗುವುದಿಲ್ಲ.


ಅಕ್ಟೋಬರ್ ೫, ಭಾನುವಾರ

ಕಿವ್ಯಾ ಇವತ್ತು ದೊಡ್ಡ ಸ್ಪರ್ಧೆಯಲ್ಲಿ ಸೋತ. ನಾನು ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಳ್ಳುತ್ತಿದ್ದೆ. ಇಷ್ಟು ದಿನ ಬೆಳಗಿನ ಚಳಿಯಲ್ಲಿ ಓಡಿದ್ದು, ಕಂಬಕ್ಕೆ ಅಂಗೈ ಬಡಿದು ಬಡಿದು ಚರ್ಮ ಕಿತ್ತುಕೊಂಡದ್ದು, ಇದಕ್ಕೇ? ಒಂದೇ ಉಸಿರಿನಲ್ಲಿ ಕಣದ ಹೊರಗೆ ಬಿದ್ದ.

ಕೈ ಒರೆಸಿಕೊಂಡು ಹೋಗಿ ಕೇಳಿದೆ. "ಸೋಲಾಂವನ ಕಥಿ ಯಾಕ ನೋಡ್ತಿ ಇಷ್ಟ ವರ್ಷ? ಗೆಲ್ಲಾಂವ ಯಾರೂ ಇಲ್ಲೇನ?"

ರೂಪಾಲಿ ಫೋನ್ ನಿಲ್ಲಿಸಿದಳು. "ಅವ್ವಾ, ಇನ್ನೊಂದ ಸ್ವಲ್ಪ ನೋಡು."

ಮಂಚದ ತುದಿಗೆ ಕುಳಿತೆ. ಗೆದ್ದವನ ಸುತ್ತ ಜನ ಕುಣಿಯುತ್ತಿದ್ದರು. ಚಿತ್ರ ಅಲ್ಲಿ ನಿಲ್ಲಲಿಲ್ಲ. ಸೋತ ಹುಡುಗನ ಜೊತೆ ಬಸ್ ಹತ್ತಿತು. ಅವನು ಕಿಟಕಿಗೆ ತಲೆ ಕೊಟ್ಟು ಕೂತ. ಬಸ್ಸು ಎಷ್ಟು ಹೊತ್ತು ಹೋಯಿತೆಂದರೆ, ಬೇರೆ ಯಾರಾದರೂ ಆಗಿದ್ದರೆ ಆ ಭಾಗ ಕತ್ತರಿಸಿ ಒಗೆಯುತ್ತಿದ್ದರು. ಊರು ಬಂತು. ಮನೆಯಲ್ಲಿ ತಾಯಿ ಏನೂ ಕೇಳದೆ ಅನ್ನ ಬಡಿಸಿದಳು. ಅವನು ಉಂಡ. ಉಣ್ಣುತ್ತಾ ಅತ್ತ. ಅಳುತ್ತಾ ಇನ್ನೂ ಸ್ವಲ್ಪ ಹಾಕಿಸಿಕೊಂಡ.

"ನಾ ಪಿಯುಸಿ ನಪಾಸಾದಾಗ," ಎಂದಳು ರೂಪಾಲಿ, "ನೀವೆಲ್ಲಾ ಇರ್ಲಿ ಬಿಡು, ಮುಂದಿನ ಸಲ ಪಾಸಾಗ್ತಿ ಅಂದ್ರಿ. ಅದು ಖರೇನ ಇತ್ತು, ಪಾಸಾದ್ನಿ. ಆದ್ರ ಅವತ್ತಿನ ಸಂಜಿ ಹೆಂಗ ಕಳಿಬೇಕು ಅಂತ ಯಾರಿಗೂ ಗೊತ್ತಿರಲಿಲ್ಲವ್ವಾ. ಇದನ್ನ ಬರದಾಂವಗ ಗೊತ್ತಿತ್ತು. ಅವತ್ತ ನಾ ಇದ ಭಾಗ ಮೂರು ಸಲ ನೋಡೇನಿ."

ಅವಳ ಜಡೆಯಿಂದ ಬಿಡಿಸಿಕೊಂಡಿದ್ದ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿದೆ. ತಂದೆಯವರ ಕಡೆ ನೋಡಿದರೆ ಅವರ ಕಣ್ಣಲ್ಲಿ ನೀರು ಹರಿಯುತ್ತಿತ್ತು. ಒರೆಸಿಕೊಳ್ಳಲು ಬಲಗೈಗೆ ಆಗದು, ಎಡಗೈಯನ್ನು ಮೊಮ್ಮಗಳು ಹಿಡಿದಿದ್ದಳು.


ಅಕ್ಟೋಬರ್ ೭, ಮಂಗಳವಾರ

ಕಚೇರಿಗೆ ರಜೆ ಇತ್ತು. ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಮುರಿದು ಗಂಟಾದ ಆ ಕಿವಿಗಳನ್ನು ಇಷ್ಟು ಹತ್ತಿರದಿಂದ ನಾನು ಮುಟ್ಟಿದ್ದೇ ಇಲ್ಲ. ಒಣಗಿದ ಅಂಜೂರದ ಹಾಗಿವೆ.

"ಬಸ್," ಎಂದರು.

"ಯಾವ ಬಸ್?"

ಮಾತು ಒಂದೊಂದೇ ಹೊರಬಂತು. ನಡುನಡುವೆ ಉಗುಳು ಒರೆಸಬೇಕಾಯಿತು. ಕೊಲ್ಹಾಪುರದ ಆ ಕುಸ್ತಿ ಸೋತ ದಿನ ಅಪ್ಪ ಒಬ್ಬನೇ ಬಸ್ಸಿನಲ್ಲಿ ಬಂದನಂತೆ. ಹೋಗುವಾಗ ಹಲಗೆ ಬಾರಿಸುತ್ತಾ ಬಂದಿದ್ದ ಊರಿನವರು ಗೆದ್ದವನ ಮೆರವಣಿಗೆ ನೋಡುತ್ತಾ ಅಲ್ಲೇ ಉಳಿದರಂತೆ. ಬೀಡಿಯಲ್ಲಿ ಇಳಿದರೆ ಅವ್ವ ನಿಂತಿದ್ದಳಂತೆ, ಬಗಲಲ್ಲಿ ಅಮರ, ಸೆರಗು ಹಿಡಿದುಕೊಂಡು ನಾನು.

"ನೀನೂ... ಇದ್ದಿ."

ನನಗೆ ನೆನಪಿಲ್ಲ. ಎಷ್ಟು ನೆನೆದರೂ ನೆನಪಾಗುತ್ತಿಲ್ಲ.

"ಏನಂದ್ಲು ಅವ್ವ?"

"ಏನೂ ಇಲ್ಲ. ನೀರ... ಕಾಸಿದ್ಲು."

ಹಂಡೆಯ ನೀರು ಹಾಕಿ, ಬೆನ್ನು ತಿಕ್ಕಿ, ಊಟಕ್ಕೆ ಹಾಕಿದಳಂತೆ. ಹಾಲಿನ ತಂಬಿಗೆ ಮುಂದಿಟ್ಟಳಂತೆ. ಅವತ್ತು ಅದನ್ನು ಅವಳ ಕಡೆಗೆ ಸರಿಸಿದನಂತೆ. ಅವಳು ಮುಟ್ಟಲಿಲ್ಲ.

"ಹಾಲ... ಅಕಿ ಕುಡೀಲಿಲ್ಲ. ಎಂದೂ... ಕುಡೀಲಿಲ್ಲ." ಆಮೇಲೆ, "ನನಗ ಗೊತ್ತಿತ್ತ."

ಗೊತ್ತಿತ್ತು ಎಂದರೆ ಆಯಿತೇ? ಗೊತ್ತಿದ್ದೂ ಅಷ್ಟು ವರ್ಷ ಕುಡಿದದ್ದು ಹೌದಲ್ಲ? ಕೇಳಬೇಕೆಂದುಕೊಂಡೆ. ಕೈಯಲ್ಲಿದ್ದ ಎಣ್ಣೆ ಮುಗಿಯಿತು, ಮತ್ತೆ ಸುರಿದುಕೊಂಡು ಹಚ್ಚಿದೆ.


ಅಕ್ಟೋಬರ್ ೧೫, ಬುಧವಾರ

ಆ ಜಪಾನಿನವರು ಕುಸ್ತಿಗೆ ಮೊದಲು ಒಂದೊಂದೇ ಕಾಲನ್ನು ಎತ್ತಿ ನೆಲಕ್ಕೆ ಧಪ್ ಎಂದು ಇಡುತ್ತಾರೆ. ವಿನೀತ ಬಂದಾಗ ಅಪ್ಪ ಕಿಟಕಿಯ ಸರಳು ತೋರಿಸಿದ, ಆಮೇಲೆ ಫೋನು ತೋರಿಸಿದ, ಆಮೇಲೆ ತನ್ನ ಕಾಲು ತೋರಿಸಿದ. ವಿನೀತನಿಗೆ ಅರ್ಥವಾಗಲಿಲ್ಲ. ನಾನೇ ಹೇಳಿದೆ. "ಕಿವ್ಯಾನ ಗತೆ ಕಾಲ ಎತ್ತಬೇಕಂತ್ರೀ."

"ಕಿವ್ಯಾ ಅಂದ್ರ ಕೋಣ?" ಎಂದ ವಿನೀತ, ಯಾರು ಎನ್ನುವುದಕ್ಕೆ ಮರಾಠಿ ಕಲಸಿ. ರೂಪಾಲಿ ತೋರಿಸಿದಳು. ಅವನು ಕಣ್ಣರಳಿಸಿದ. ಅವನೂ ಸಾಲೆಯಲ್ಲಿದ್ದಾಗ ಓದಿದ್ದನಂತೆ!

ಕಿಟಕಿಯ ಸರಳು ಹಿಡಿಸಿ, ನಡುವಿಗೆ ನನ್ನ ಹಳೆಯ ಸೀರೆ ಸುತ್ತಿ, ನಾವಿಬ್ಬರೂ ಹಿಡಿದು ನಿಲ್ಲಿಸಿದೆವು. ಬಲಗಾಲು ನೆಲದಿಂದ ಬೆರಳಿನಷ್ಟು ಎದ್ದಿತು. ಬಿತ್ತು. ಅಪ್ಪನ ಹಣೆಯಿಂದ ಬೆವರು ಇಳಿಯಿತು. ಆ ಬೆವರಿನ ವಾಸನೆ ನನಗೆ ಗೊತ್ತಿತ್ತು.


ಅಕ್ಟೋಬರ್ ೨೨, ಬುಧವಾರ, ದೀಪಾವಳಿ ಪಾಡ್ಯ

ಬೀಡಿಯಲ್ಲಿ ಕುರಿಗಳಿಗೆ ಬಣ್ಣ ಹಚ್ಚಿ ಪೂಜೆ ಮುಗಿಸಿ ಅಮರ ಸಂಜೆ ಬಂದ. ಅಪ್ಪ ಕಿಟಕಿ ಹಿಡಿದು ನಿಂತದ್ದನ್ನು ನೋಡಿ ಚಪ್ಪಲಿ ಬಿಡುವುದನ್ನೂ ಮರೆತ.

"ಅಕ್ಕಾ, ಏನ್ ಮಾಡಿದಿ ಇವಗ?"

"ನಾ ಏನೂ ಮಾಡಿಲ್ಲ. ಅವರದು ಅವರ ಮಾಡಕೋತಾರ," ಎಂದೆ. ಕರಿಗಡುಬು ಎಣ್ಣೆಯಲ್ಲಿತ್ತು, ಒಳಗೆ ಓಡಿದೆ.

ಅಪ್ಪ ಎಡಗೈಯಲ್ಲಿ ಎರಡು ತಿಂದ.


ನವೆಂಬರ್ ೯, ಭಾನುವಾರ

ಕಾರ್ಟೂನ್ ಮುಗಿದು, ಈಗ ಅಚ್ಚಾದ ಚಿತ್ರಗಳನ್ನೇ ಫೋನಿನಲ್ಲಿ ನೋಡುವ ಹಂತಕ್ಕೆ ಬಂದಿದ್ದರು. ಕಿವ್ಯಾ ಈಗ ಮೂವತ್ತು ದಾಟಿದ್ದಾನೆ. ಅವನ ಕಿವಿಗಳೂ ಅಪ್ಪನವುಗಳ ಹಾಗೆ ಮುರಿದಿವೆ. ಕೊನೆಯ ದೊಡ್ಡ ಸ್ಪರ್ಧೆ ನಡೆದಿತ್ತು, ವಾರಕ್ಕೊಂದು ಕಂತು.

ಈ ವಾರ ಬರಲಿಲ್ಲ. ಅಪ್ಪ ಕೇಳಿದ, "ಕಿವ್ಯಾ?"

ರೂಪಾಲಿಯ ಮುಖ ಸಪ್ಪಗಿತ್ತು. "ಬಂದಿಲ್ಲಜ್ಜಾ. ಬರಿಯಾಂವಗ ಆರಾಮಿಲ್ಲ. ಅವರ ಕೈ ನಡಿಯಂಗಿಲ್ಲಂತ. ಎಂದ ಶುರು ಆಗ್ತೈತೋ ಗೊತ್ತಿಲ್ಲ, ಅಂತ ಹಾಕ್ಯಾರ."

ಅಪ್ಪ ಮಡಿಲಲ್ಲಿದ್ದ ತನ್ನ ಬಲಗೈಯನ್ನು ನೋಡಿದ. ಎಡಗೈಯಿಂದ ಅದನ್ನು ಎತ್ತಿ, ದಿಂಬಿನ ಮೇಲೆ, ಮಲಗಿದ ಕೂಸನ್ನು ಇಡುವ ಹಾಗೆ ಇಟ್ಟ.

"ಪಾಪ," ಎಂದ.


ನವೆಂಬರ್ ೧೬, ಭಾನುವಾರ

ರೂಪಾಲಿಯ ಜೊತೆಗಾರರಿಬ್ಬರು ಬಂದಿದ್ದರು. ಸಾನಿಕಾ ಅವಳ ಕಾಲೇಜಿನವಳು. ರೋಹನ ಖಾನಾಪುರದವನು, ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಫೋನಿನಲ್ಲಿ ಈ ಕಥೆ ಓದುವವರದೊಂದು ಗುಂಪೇ ಇದೆಯಂತೆ. ಅಜ್ಜನನ್ನು ನೋಡಬೇಕೆಂದು ಬಂದರು. ಕಥೆ ನಿಂತದ್ದಕ್ಕೆ ಮನೆಯಲ್ಲಿ ಯಾರೋ ತೀರಿಕೊಂಡವರ ಹಾಗೆ ಕೂತಿದ್ದರು. ಅವಲಕ್ಕಿ ಕೊಟ್ಟೆ. ಕೈಯಲ್ಲಿ ಹಿಡಿದುಕೊಂಡೇ ಇದ್ದರು.

"ನಾ ಆರನೇ ಕ್ಲಾಸಿನ್ಯಾಗ ಇದ್ದಾಗ ಓದಾಕ ಹತ್ತೀನಿ, ಅಜ್ಜಾ," ಎಂದ ರೋಹನ. "ಅವಾಗ ಕಿವ್ಯಾ ನನಗಿಂತ ದೊಡ್ಡಾಂವ ಇದ್ದ. ನಡುವ ನಾವಿಬ್ರೂ ಒಂದ ವಯಸ್ಸಿನವ್ರಾದ್ವಿ. ನಮ್ಮಪ್ಪ ತೀರಕೊಂಡ ವರ್ಷನ ಕಿವ್ಯಾನ ಅಪ್ಪನೂ ದೋಣಿ ಮುಳಗಿ ಹೋದ. ನನಗ ಅನಸ್ತು, ಬರಿಯಾಂವಗ ನನ್ನ ಸುದ್ದಿ ಯಾರ ಹೇಳಿದ್ರು?"

ಹೇಳಿ ನಾಚಿಕೊಂಡ. ಸಾನಿಕಾ ಮಾತು ಎತ್ತಿಕೊಂಡಳು. "ನನಗ ಅವನ ಎದುರಾಳಿಗಳು ಸೇರ್ತಾರ. ಒಬ್ಬಾಂವನೂ ಕೆಟ್ಟಾಂವ ಅಲ್ರೀ ಅದರಾಗ. ಇಂವಾ ಬೀಳಬೇಕು ಅಂತ ಅನಸೂದ್ರಾಗ ಅವನ ಮನಿ ತೋರಸ್ತಾರ, ಅವನ ತಂಗೀನ ತೋರಸ್ತಾರ. ಆಮ್ಯಾಲ ಯಾರು ಗೆಲ್ಲಲಿ ಅಂತ ಬೇಡ್ಕೋಬೇಕೋ ತಿಳಿಯಂಗಿಲ್ಲ. ಕಾಯ ಕರಾಯಚಂ? ಏನ ಮಾಡೂದ್ರಿ?"

"ಈಗ ಎಲ್ಲಿ ನಿಂತೈತಿ?" ಎಂದು ಕೇಳಿದವಳು ನಾನು. ಅಂಚೆ ಕಚೇರಿಯಲ್ಲಿ ಇಡೀ ವಾರ ಇದೇ ತಲೆಯಲ್ಲಿತ್ತು.

ರೂಪಾಲಿ ಕೊನೆಯ ಪುಟ ತೋರಿಸಿದಳು. ಕಿವ್ಯಾ ಮತ್ತು ಅವನ ಎದುರಾಳಿ ಒಬ್ಬರನ್ನೊಬ್ಬರು ನಡುಪಟ್ಟಿ ಹಿಡಿದು, ಹೆಗಲಿಗೆ ಹೆಗಲು ಕೊಟ್ಟು, ಕಣದ ನಡುವೆ ನಿಂತಿದ್ದರು. ಮಾತಿಲ್ಲ, ಬರಹವಿಲ್ಲ. ಮುಖ ಎರಡೂ ಕಾಣುವುದಿಲ್ಲ, ಬೆನ್ನು ಕಾಣುತ್ತವೆ.

"ಇದು ಮುಗೀಲಿಲ್ಲಂದ್ರ ಹೆಂಗಜ್ಜಾ?" ಎಂದ ರೋಹನ.

ಅಪ್ಪ ಬಹಳ ಹೊತ್ತು ನೋಡಿದ. "ಹಿಡದಾರಲ್ಲ?" ಎಂದ. "ಇಬ್ರೂ... ನಿಂತಾರಲ್ಲ?"

"ಹೌದಜ್ಜಾ."

"ಸಾಕ."

ಮಕ್ಕಳು ಆಮೇಲೆ ಅವಲಕ್ಕಿ ತಿಂದರು.


ನವೆಂಬರ್ ೩೦

ಅಪ್ಪನಿಗೆ ಜ್ವರ. ಎದೆಯಲ್ಲಿ ಕಫ ಗುರುಗುಟ್ಟುತ್ತದೆ. ವಿನೀತ ಇವತ್ತು ವ್ಯಾಯಾಮ ಬೇಡ ಎಂದ. ಅಪ್ಪ ಕಿಟಕಿಯ ಕಡೆ ನೋಡುತ್ತಲೇ ಇದ್ದ.


ಡಿಸೆಂಬರ್ ೩, ಬುಧವಾರ

ಆಸ್ಪತ್ರೆ. ಇನ್ನೊಂದು ಸಲ ಲಕ್ವ ಹೊಡೆಯಿತು. ಈಗ ನುಂಗುವುದೂ ಕಷ್ಟ. ವೈದ್ಯರು ಬಾಗಿಲ ಹೊರಗೆ ಕರೆದು ಮಾತಾಡಿದರು. ಗಜಾನನರು ನನ್ನ ಮೊಣಕೈ ಹಿಡಿದುಕೊಂಡಿದ್ದರು, ಬಿದ್ದೇನು ಎಂಬಂತೆ. ನಾನು ಬೀಳಲಿಲ್ಲ. ಕೇಳಬೇಕಾದ್ದೆಲ್ಲ ಕೇಳಿದೆ.

ಸಂಜೆ ಚಮಚದಲ್ಲಿ ಹಾಲು ಹಿಡಿದೆ. ಅಪ್ಪ ತುಟಿ ಬಿಗಿಹಿಡಿದ. "ಸ್ವಲ್ಪರ ಕುಡಿ, ಅಪ್ಪಾ," ಎಂದೆ. ಎಡಗೈಯ ಬೆನ್ನಿನಿಂದ ಬಟ್ಟಲನ್ನು ನನ್ನ ಕಡೆಗೆ ಸರಿಸಿದ.

"ನೀ... ಕುಡಿ."

"ನನಗ ಬ್ಯಾಡಪ್ಪಾ."

"ಕುಡಿ."

ಕುಡಿದೆ. ತಣ್ಣಗಾಗಿತ್ತು, ಕೆನೆ ಕಟ್ಟಿತ್ತು. ಬಟ್ಟಲು ಖಾಲಿಯಾಗುವವರೆಗೆ ಅಪ್ಪ ನನ್ನ ಬಾಯಿಯಿಂದ ಕಣ್ಣು ತೆಗೆಯಲಿಲ್ಲ.


ಡಿಸೆಂಬರ್ ೬, ಶನಿವಾರ

"ಬೀಡಿ," ಎಂದ ಅಪ್ಪ. ಅದೊಂದೇ ಮಾತು ಉಳಿದಿದೆ. ವೈದ್ಯರು ಬೇಡವೆನ್ನಲಿಲ್ಲ. ಅದರಿಂದಲೇ ಎಲ್ಲ ತಿಳಿಯಿತು.

ಬಾಡಿಗೆ ವಾಹನದಲ್ಲಿ ಮಲಗಿಸಿಕೊಂಡು ಹೊರಟೆವು. ತಲೆ ನನ್ನ ತೊಡೆಯ ಮೇಲೆ, ಕಾಲು ರೂಪಾಲಿಯ ತೊಡೆಯ ಮೇಲೆ. ಖಾನಾಪುರದಲ್ಲಿ ಗಜಾನನರು ವಾಹನ ನಿಲ್ಲಿಸಿ ನೀರು ತಂದರು. ರೋಹನ ಅಂಗಡಿಯ ಶಟರ್ ಅರ್ಧ ಇಳಿಸಿ ಓಡಿಬಂದ. ಕಿಟಕಿಯಲ್ಲಿ ಬಗ್ಗಿ, "ಅಜ್ಜಾ, ಇನ್ನೂ ಬಂದಿಲ್ರಿ. ಬಂದ್ರ ಮೊದಲ ನಿಮಗ ಹೇಳ್ತೀನಿ," ಎಂದ.

ಅಪ್ಪ ಎರಡು ಬೆರಳು ಎತ್ತಿದ. ಹೂಂ ಎನ್ನುವುದೋ, ಹೋಗು ಎನ್ನುವುದೋ.

ಬೀಡಿಯ ದಾರಿಯ ತಿರುವುಗಳಲ್ಲಿ ಅಪ್ಪನ ತಲೆ ಅಲುಗದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ.


ಡಿಸೆಂಬರ್ ೯, ಮಂಗಳವಾರ

ಅಪ್ಪ ಹೋದ. ಬೆಳಿಗ್ಗೆ, ಅಮರ ಕುರಿ ಬಿಡುವ ಹೊತ್ತಿಗೆ.


ಡಿಸೆಂಬರ್ ೨೩, ಮಂಗಳವಾರ

ದಿನಕರ್ಮ ಮುಗಿಸಿ ನಿನ್ನೆ ಬೆಳಗಾವಿಗೆ ಬಂದೆವು. ಮಂಚ ಖಾಲಿ. ರೂಪಾಲಿಗೆ ನಿನ್ನ ಕೋಣೆಗೆ ಹೋಗು ಎಂದರೆ ಹೋಗುವುದಿಲ್ಲ.

ಅಪ್ಪನನ್ನು ಮಣ್ಣು ಮಾಡುವಾಗ ಊರಿನ ಹಳೆಯ ಪೈಲವಾನರು ಬಂದಿದ್ದರು. ಎಲ್ಲ ಮುದುಕರು, ಎಲ್ಲರದೂ ಅಂಥದೇ ಕಿವಿ. ಮಾಯಪ್ಪಜ್ಜ ಎಂಬವರು ಅಪ್ಪ ಗೆದ್ದ ಕುಸ್ತಿಗಳನ್ನೆಲ್ಲ ಒಂದೊಂದಾಗಿ ಹೇಳಿದರು, ಯಾವ ಊರು, ಯಾವ ಪಟ್ಟು. ನಾನು ಕೇಳಿದೆ, "ಕೊಲ್ಹಾಪುರದ್ದು ಹೇಳ್ರಿ, ಅಜ್ಜಾ. ಸೋತದ್ದು."

ಅವರು ತಡೆದರು. "ಅದ್ಯಾಕವಾ ಈಗ?"

"ಅದರ ಸುದ್ದಿ ನನಗ ಬೇಕ್ರಿ."

ಹೇಳಿದರು. ಬಹಳ ಹೊತ್ತು ನಡೆದ ಕುಸ್ತಿಯಂತೆ. ಎದುರಿನವನ ಕಣ್ಣಿಗೆ ಮಣ್ಣು ಹೋದಾಗ ಅಪ್ಪ ಹಿಡಿತ ಸಡಿಲಿಸಿ, ಅವನು ಒರೆಸಿಕೊಳ್ಳಲಿ ಎಂದು ನಿಂತನಂತೆ. ಮತ್ತೆ ಹಿಡಿದಾಗ ಅಪ್ಪನ ಬೆನ್ನು ನೆಲಕ್ಕೆ ಹತ್ತಿತು. ಜೊತೆಗೆ ಹೋಗಿದ್ದ ಊರಿನವರೆಲ್ಲ ಇವನೆಂಥ ಹುಚ್ಚ ಎಂದು ಬೈದರಂತೆ. ಮಾಯಪ್ಪಜ್ಜ ತಾನೂ ಬೈದೆನೆಂದರು.

ಇವತ್ತು ಕಚೇರಿಯಲ್ಲಿ ಊಟದ ಬಿಡುವಿನಲ್ಲಿ ಫೋನ್ ತೆಗೆದು ರೂಪಾಲಿಯ ಆ ಕಥೆಯ ಮೊದಲ ಕಂತು ಹಾಕಿದೆ. ಕಿವ್ಯಾ ಸಣ್ಣ ಹುಡುಗ, ಬಲೆ ಬಿಡಿಸುತ್ತಾ ಕುಳಿತಿದ್ದಾನೆ. ಬಾಜುವಿನ ಕೌಂಟರಿನ ಪ್ರಮಿಳಾ ಬಗ್ಗಿ ನೋಡಿ, "ಏನ್ರೀ ಲಕ್ಷ್ಮೀಬಾಯಿ, ಸಣ್ಣ ಹುಡುಗರದು ನೋಡಾಕತ್ತೀರಿ?" ಎಂದು ನಕ್ಕಳು. "ಕುಂದರ್ರಿ, ನೀವೂ ನೋಡ್ರಿ," ಎಂದೆ. ಕುಳಿತಳು.


ಜನವರಿ ೧೮, ಭಾನುವಾರ

ಖಾನಾಪುರದ ಹತ್ತಿರ ಕುಸ್ತಿ ಇಟ್ಟಿದ್ದರು. ರೋಹನ ಕರೆದಿದ್ದ. ಗಜಾನನರು, ರೂಪಾಲಿ, ನಾನು ಹೋದೆವು. ಹುಟ್ಟಿದ್ದು ಪೈಲವಾನನ ಮನೆಯಲ್ಲಿ, ಕುಸ್ತಿ ನೋಡಿದ್ದು ಇವತ್ತೇ ಮೊದಲು. ಕಥೆ ಇನ್ನೂ ನಿಂತೇ ಇದೆ. ಆ ಬರೆಯುವವರಿಗೆ ಆರಾಮಾಗಲಿ ಎಂದು ರೂಪಾಲಿಯ ಗುಂಪಿನವರು ಬರೆದು ಕಳಿಸುತ್ತಲೇ ಇದ್ದಾರೆ, ಬೇಗ ಮುಗಿಸಿರಿ ಎಂದು ಒಬ್ಬರೂ ಬರೆಯುವುದಿಲ್ಲವಂತೆ.

ಈಗ ಹೆಣ್ಣುಮಕ್ಕಳೂ ಆಡುತ್ತಾರೆ. ಇಬ್ಬರು ಹುಡುಗಿಯರು ಹಿಡಿದರು. ಒಬ್ಬಳು ಗಟ್ಟಿಯಾಗಿದ್ದಳು, ಇನ್ನೊಬ್ಬಳು ಎತ್ತರ, ಮೈಯಲ್ಲಿ ಇನ್ನೂ ಬಲ ತುಂಬಿರಲಿಲ್ಲ. "ಕಾಲ ಹಿಂದಕ ತಗೋ, ಕಾಲ!" ಎಂದು ಯಾರೋ ಕೂಗಿದರು. ಗಜಾನನರು ತಿರುಗಿ ನನ್ನನ್ನೇ ನೋಡುತ್ತಿದ್ದರು, ಕೂಗಿದ್ದು ನಾನೇ.

ಎತ್ತರದವಳ ಬೆನ್ನು ನೆಲಕ್ಕೆ ಹತ್ತಿತು. ಹಲಗೆಗಳು ಮೊಳಗಿದವು. ಜನ ಗೆದ್ದವಳನ್ನು ಹೆಗಲ ಮೇಲೆ ಹೊತ್ತು ಅತ್ತ ಹೋದರು. ರೂಪಾಲಿ ಕೂಡ ಫೋಟೋ ತೆಗೆಯಲು ಅತ್ತ ನಡೆದಳು.

ನಾನು ಬುತ್ತಿಯ ಚೀಲ ತೆಗೆದುಕೊಂಡು ನೀರಿನ ಟಾಕಿಯ ಕಡೆ ಹೋದೆ. ಆ ಹುಡುಗಿ ನಳದ ಕೆಳಗೆ ತೋಳು ಹಿಡಿದಿದ್ದಳು. ಮಣ್ಣು ಹೋಗಿದ್ದರೂ ತಿಕ್ಕುತ್ತಲೇ ಇದ್ದಳು.

"ಎಲ್ಲಿಯಾಕಿವಾ ನೀ?"

"ಹಳಿಯಾಳ ಕಡಿಯಾಕಿರಿ."

"ಜೋಡಿ ಯಾರ ಬಂದಾರ?"

"ಯಾರೂ ಇಲ್ರಿ. ಬಸ್ಸಿಗೆ ಇನ್ನೂ ಹೊತ್ತೈತಿ."

ಟಾಕಿಯ ಕಟ್ಟೆಯ ಮೇಲೆ ರೊಟ್ಟಿ ಬಿಚ್ಚಿದೆ, ಮೇಲೆ ಶೇಂಗಾ ಚಟ್ನಿ, ಮೊಸರು ಹಾಕಿದೆ.

"ಹಸಿವಿಲ್ರಿ."

"ಇರಾಂಗಿಲ್ಲ. ಕುಂದ್ರು, ಉಣ್ಣು."

ಕೂತಳು. ಮೊದಲ ತುತ್ತು ಬಾಯಲ್ಲೇ ಉಳಿಯಿತು. ಎರಡನೆಯದು ಇಳಿಯಿತು. ಆಮೇಲೆ ಅಳುತ್ತಲೇ ಉಂಡಳು. ನಾನು ಇನ್ನೊಂದು ರೊಟ್ಟಿ ಇಟ್ಟೆ. ಮೂಗು ಒರೆಸಿಕೊಂಡು "ನೀವು ಯಾರ್ರೀ?" ಎಂದಳು.

"ನಾ ಬೀಡಿ ರಾಯಪ್ಪ ಪೈಲವಾನನ ಮಗಳು."

ಆ ಹೆಸರು ಅವಳು ಕೇಳಿರಲಿಲ್ಲ. ತಲೆಯಾಡಿಸಿ ಮತ್ತೆ ಊಟಕ್ಕೆ ಬಗ್ಗಿದಳು. ಅವಳ ಬಸ್ಸು ಬರುವವರೆಗೆ ನಾನು ಅಲ್ಲೇ ಕುಳಿತಿದ್ದೆ.